ಆರ್‌ಎಸ್‌ಎಸ್ ಫೀಡ್‌ನಲ್ಲಿ ಚರ್ಚೆ ಓದುವವರ ಪ್ರಶ್ನೆಗಳು, ಸರ್ವರ್ ನಿರ್ವಾಹಕಿಯ ಉತ್ತರಗಳು

ನಿರ್ವಾಹಕಿ: ಸಮುದಾಯ ತಾಣಗಳ ಸರ್ವರ್ ನೋಡಿಕೊಳ್ಳುವುದು ನನ್ನ ಉದ್ಯೋಗ. ಆರ್‌ಎಸ್‌ಎಸ್ ಫೀಡ್ ಎಂದರೆ ತಾಣವೊಂದು ತನ್ನ ಹೊಸ ಬರಹಗಳನ್ನು ತಂತ್ರಾಂಶಗಳು ಓದುವಂತೆ ಕೊಡುವ ಕಡತ. ಹಲವು ತಾಣಗಳ ಫೀಡ್‌ಗಳನ್ನು ಒಂದೇ ಕಡೆ ತಂದು ತೋರಿಸುವ ತಂತ್ರಾಂಶವೇ ಫೀಡ್ ರೀಡರ್. ಫೀಡ್ ಬಗ್ಗೆ ಏನಿದ್ದರೂ ಕೇಳಿ, ಬಿಡುವಾದಂತೆ ಉತ್ತರಿಸುತ್ತೇನೆ.

ಹೊಸಚಿಗುರು: ನಾಲ್ಕೈದು ಸಮುದಾಯಗಳಲ್ಲಿ ಸದಸ್ಯನಾಗಿದ್ದೇನೆ. ಒಂದೊಂದಕ್ಕೂ ಹೋಗಿ ಹೊಸದೇನು ಬಂದಿದೆ ಎಂದು ನೋಡುವುದರಲ್ಲೇ ಸಂಜೆ ಮುಗಿಯುತ್ತದೆ. ಫೀಡ್ ಇದೆಯೇ ಎಂದು ತಿಳಿಯುವುದು ಹೇಗೆ?

ನಿರ್ವಾಹಕಿ: ತಾಣದ ವಿಳಾಸವನ್ನೇ ಫೀಡ್ ರೀಡರ್‌ಗೆ ಕೊಡಿ. ಪುಟದೊಳಗೆ ಫೀಡ್‌ನ ಕೊಂಡಿ ಇದ್ದರೆ ರೀಡರ್ ತಾನೇ ಹುಡುಕಿಕೊಳ್ಳುತ್ತದೆ. ಡಿಸ್ಕೋರ್ಸ್ ತಂತ್ರಾಂಶ ಬಳಸುವ ತಾಣವಾದರೆ ವಿಭಾಗದ ಅಥವಾ ಚರ್ಚೆಯ ವಿಳಾಸದ ಕೊನೆಗೆ ಒಂದು ಚುಕ್ಕೆ ಇಟ್ಟು ಇಂಗ್ಲಿಷ್‌ನಲ್ಲಿ rss ಎಂದು ಸೇರಿಸಿ. ರೆಡಿಟ್‌ನ ಗುಂಪುಗಳಿಗೂ ಮ್ಯಾಸ್ಟೊಡಾನ್ ಖಾತೆಗಳಿಗೂ ಇದೇ ದಾರಿ. ಇಡೀ ತಾಣದ ಫೀಡ್ ತೆಗೆದುಕೊಳ್ಳಬೇಡಿ, ಬೇಕಾದ ವಿಭಾಗದ್ದು ಸಾಕು. ಓದದೆ ಉಳಿದ ರಾಶಿ ಕಂಡೇ ಬಹಳ ಜನ ರೀಡರ್ ಕೈಬಿಡುತ್ತಾರೆ.

ದಾರಿಹೋಕ: ಗೂಗಲ್ ರೀಡರ್ ಮುಚ್ಚಿದಾಗಲೇ ಆರ್‌ಎಸ್‌ಎಸ್ ಕಥೆ ಮುಗಿಯಿತಲ್ಲವೇ?

ನಿರ್ವಾಹಕಿ: 2013ರ ಜುಲೈ 1ರಂದು ಮುಚ್ಚಿದ್ದು ಒಂದು ರೀಡರ್ ಮಾತ್ರ. ಪಾಡ್‌ಕಾಸ್ಟ್‌ಗಳು ಇವತ್ತಿಗೂ ನಡೆಯುತ್ತಿರುವುದು ಆರ್‌ಎಸ್‌ಎಸ್ ಮೇಲೆಯೇ.

ಮುಂಗಾರು: ಒಂದು ಸಂದೇಶ ಬಂದಿದೆ: "ರೀಡರ್ ಅನ್ನು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗುವಂತೆ ಇಡಿ, ಒಂದು ಚರ್ಚೆಯೂ ತಪ್ಪುವುದಿಲ್ಲ. ಎಲ್ಲರಿಗೂ ಕಳುಹಿಸಿ." ನಿಜವೇ?

ನಿರ್ವಾಹಕಿ: ಯಾರಿಗೂ ಕಳುಹಿಸಬೇಡಿ. ಒಳ್ಳೆಯ ರೀಡರ್ "ಕಳೆದ ಸಲಕ್ಕಿಂತ ಏನಾದರೂ ಬದಲಾಗಿದೆಯೇ" ಎಂದಷ್ಟೇ ಕೇಳುತ್ತದೆ. ಬದಲಾಗದಿದ್ದರೆ ಸರ್ವರ್ 304, ಅಂದರೆ "ಬದಲಾಗಿಲ್ಲ" ಎಂಬ ಸಂಕೇತ ಹೇಳಿ ಮುಗಿಸುತ್ತದೆ. ನಿಮಿಷಕ್ಕೊಮ್ಮೆ ಬಂದು ಪೂರ್ತಿ ಕಡತವನ್ನೇ ಎಳೆದೊಯ್ಯುವ ರೀಡರ್‌ಗಳಿಗೆ ನಾವು 429, ಅಂದರೆ "ಕೋರಿಕೆ ಅತಿಯಾಯಿತು" ಎಂಬ ಸಂಕೇತ ಕೊಟ್ಟು ತಡೆಯುತ್ತೇವೆ, ಆಗ ನಿಮಗೆ ಏನೂ ಬರುವುದಿಲ್ಲ. ಚರ್ಚೆ ತಪ್ಪಲು ಕಾರಣ ಬೇರೆಯೇ ಇದೆ. ಫೀಡ್‌ನಲ್ಲಿ ಇರುವುದು ಇತ್ತೀಚಿನ ಕೆಲವೇ ಬರಹಗಳು, ಹೊಸದು ಬಂದಂತೆ ಹಳೆಯದು ಹೊರಬೀಳುತ್ತದೆ. ಗದ್ದಲದ ತಾಣವಾದರೆ ಸಣ್ಣ ವಿಭಾಗದ ಫೀಡ್ ಹಾಕಿಕೊಳ್ಳಿ. ಗಂಟೆಗೊಂದು ಸಲ ನೋಡಿದರೆ ಬೇಕಾದಷ್ಟಾಯಿತು.

ತಂಗಾಳಿ: ಕಾಯಿಲೆಯೊಂದರ ರೋಗಿಗಳಿಗಾಗಿಯೇ ಇರುವ ಮುಚ್ಚಿದ ಗುಂಪಿನಲ್ಲಿ ಇದ್ದೇನೆ. ಅದರ ಫೀಡ್ ವಿಳಾಸದಲ್ಲಿ ಉದ್ದನೆಯ ಅಕ್ಷರಗಳ ಸರಣಿಯೊಂದಿದೆ. ಆನ್‌ಲೈನ್ ರೀಡರ್‌ನಲ್ಲಿ ಹಾಕಿದ್ದೆ, ಲಾಗಿನ್ ಕೇಳದೆ ತೆರೆಯಿತು. ನಿನ್ನೆ ನನ್ನ ಫೀಡ್‌ಗಳ ಒಪಿಎಂಎಲ್ ಕಡತವನ್ನು ಇನ್ನೊಂದು ಬಳಗದಲ್ಲಿ ಹಂಚಿದೆ. ತೊಂದರೆಯಿದೆಯೇ?

ನಿರ್ವಾಹಕಿ: ತಂಗಾಳಿಯವರೇ, ಉಳಿದ ಪ್ರಶ್ನೆಗಳು ಕಾಯಲಿ. ತೊಂದರೆಯಿದೆ.

ಲಾಗಿನ್ ಪುಟ ತುಂಬುವುದು ಸಾಮಾನ್ಯವಾಗಿ ಫೀಡ್ ರೀಡರ್‌ಗೆ ಬರುವುದಿಲ್ಲ. ಆದ್ದರಿಂದ ಕೆಲವು ತಾಣಗಳು ಪ್ರತಿ ಸದಸ್ಯರಿಗೂ ಗುಪ್ತ ಕೀಲಿ ಸೇರಿಸಿದ ವಿಳಾಸ ಕೊಡುತ್ತವೆ. ನೀವು ಹೇಳುವ ಸರಣಿ ಅದೇ ಇರಬೇಕು. ಆ ವಿಳಾಸ ಸಿಕ್ಕ ಯಾರೇ ಆಗಲಿ, ನಿಮ್ಮ ಹಕ್ಕಿನ ಮೇಲೆ ಗುಂಪಿನೊಳಗಿನ ಮಾತುಗಳನ್ನು ಓದಬಹುದು. ಒಪಿಎಂಎಲ್ ಕಡತವೆಂದರೆ ಫೀಡ್ ವಿಳಾಸಗಳ ಬರಿಯ ಪಟ್ಟಿ, ಕೀಲಿ ಅದರಲ್ಲಿ ಮುಚ್ಚುಮರೆಯಿಲ್ಲದೆ ಇರುತ್ತದೆ.

ಈಗಲೇ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಫೀಡ್ ಕೀಲಿ ರದ್ದು ಮಾಡಿ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಕೀಲಿಯೂ ಬದಲಾಗುತ್ತದೆ ಎಂದು ನಂಬಬೇಡಿ. ರದ್ದು ಮಾಡುವ ಗುಂಡಿ ಕಾಣದಿದ್ದರೆ ಮಾಡರೇಟರ್‌ಗೆ ಬರೆಯಿರಿ. ಆಮೇಲೆ ಲಾಗ್ ಔಟ್ ಆಗಿ ಹಳೆಯ ವಿಳಾಸ ತೆರೆದು ನೋಡಿ, ತೆರೆಯಬಾರದು. ಹಂಚಿದ ಕಡತವನ್ನೂ ಅಳಿಸಿ, ಆದರೆ ಅದು ಎರಡನೆಯ ಕೆಲಸ, ಇಳಿಸಿಕೊಂಡವರ ಬಳಿ ಅದು ಉಳಿದೇ ಇರುತ್ತದೆ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಆ ಆನ್‌ಲೈನ್ ರೀಡರ್. ಫೀಡ್ ತರುವುದು ನಿಮ್ಮ ಮೊಬೈಲ್ ಅಲ್ಲ, ಆ ಸೇವೆಯ ಸರ್ವರ್. ಬರಹಗಳ ಪ್ರತಿ ಅಲ್ಲಿ ಸಂಗ್ರಹವಾಗುತ್ತದೆ. ಗುಂಪಿನಲ್ಲಿ ಬರೆದವರೊಬ್ಬರು ಅಂಜಿ ತಮ್ಮ ಮಾತನ್ನು ಅಳಿಸಿದರೂ ಅಲ್ಲಿಂದ ಅದು ಹೋಗುವ ಖಾತರಿಯಿಲ್ಲ. ಅವರು ಗುಂಪಿನವರನ್ನು ನಂಬಿ ಬರೆದವರು, ಮೂರನೆಯವರ ಸರ್ವರ್ ಅನ್ನು ನಂಬಿ ಅಲ್ಲ. ಆ ಫೀಡ್ ಅನ್ನು ಅಲ್ಲಿಂದ ತೆಗೆಯಿರಿ. ಇಂಥ ಗುಂಪನ್ನು ಸ್ವಂತ ಸಾಧನದಲ್ಲೇ ನಡೆಯುವ ರೀಡರ್‌ನಲ್ಲಿ ಓದಿ, ಇಲ್ಲವೇ ಲಾಗಿನ್ ಆಗಿ ಓದಿ.

ಬೆಳ್ಳಿಚುಕ್ಕಿ: ಒಂದು ತಾಣಕ್ಕೆ ಫೀಡ್ ಇದೆಯೇ ಎಂದು ತಿಳಿಯುವುದು ಹೇಗೆ?

ನಿರ್ವಾಹಕಿ: ಮೊದಲ ಉತ್ತರ ನೋಡಿ.

ದಾರಿಹೋಕ: ಫೀಡ್‌ನಲ್ಲಿ ಓದುವವರಿಂದ ಸಮುದಾಯಕ್ಕೆ ಏನು ಲಾಭ? ಓದುತ್ತಾರೆ, ಹೋಗುತ್ತಾರೆ. ಉತ್ತರ ಬರೆಯುವವರು ನಾವೇ.

ಹಳೆಬೇರು: ಉತ್ತರವಿಲ್ಲದ ಪ್ರಶ್ನೆಗಳು ನನ್ನ ಕಣ್ಣಿಗೆ ಬೀಳುವುದೇ ಫೀಡ್‌ನಿಂದ. ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದಲ್ಲಿ ಒಂದೊಂದು ವಿಷಯದ ಟ್ಯಾಗ್‌ಗೂ ಫೀಡ್ ಇದೆ. ನನಗೆ ಗೊತ್ತಿರುವ ವಿಷಯದ ಪ್ರಶ್ನೆ ಬಂದರೆ ಮಾತ್ರ ಹೋಗಿ ಬರೆಯುತ್ತೇನೆ.

ದಾರಿಹೋಕ: ನೀವೊಬ್ಬರು ಬರೆಯಬಹುದು. ಉಳಿದವರು?

ಹಳೆಬೇರು: ಉಳಿದವರ ಲೆಕ್ಕ ನಿಮ್ಮ ಬಳಿ ಇದೆಯೇ? ಇಲ್ಲದಿದ್ದರೆ ಸುಮ್ಮನೆ ದೂರಬೇಡಿ.

ದಾರಿಹೋಕ: ನಾನು ದೂರುತ್ತಿಲ್ಲ. ಕಂಡದ್ದನ್ನು ಹೇಳಿದೆ.

ಬೆಳ್ಳಿಚುಕ್ಕಿ: ಇಬ್ಬರೂ ಬೇರೆ ಕಡೆ ಜಗಳವಾಡಿ. ಆಟಮ್ ಎಂದರೇನು ಎಂದು ಯಾರಾದರೂ ಹೇಳುತ್ತೀರಾ?

ಹಳೆಬೇರು: ಫೀಡ್‌ನ ಇನ್ನೊಂದು ಮಾದರಿ, 2005ರಲ್ಲಿ ಪ್ರಮಾಣಿತವಾಯಿತು. ರೀಡರ್‌ಗಳು ಎರಡನ್ನೂ ಓದುತ್ತವೆ, ನೀವು ತಲೆಕೆಡಿಸಿಕೊಳ್ಳಬೇಕಿಲ್ಲ.

ನದಿತೀರ: ತಿದ್ದಿದ ಉತ್ತರ ರೀಡರ್‌ನಲ್ಲಿ ಹೊಸದಾಗಿ ಕಾಣುತ್ತದೆಯೇ?

ಮುಂಗಾರು: ಇನ್ನೊಂದು ಸಂದೇಶ ಬಂದಿದೆ: "ಫೀಡ್ ಇಲ್ಲದ ತಾಣಕ್ಕೂ ಫೀಡ್! ಈ ಸೇವೆಗೆ ನಿಮ್ಮ ಲಾಗಿನ್ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು."

ನಿರ್ವಾಹಕಿ: ಕೊಡಬೇಡಿ! ಪಾಸ್‌ವರ್ಡ್ ಪಡೆದವರು ಓದುವುದಷ್ಟೇ ಅಲ್ಲ, ನಿಮ್ಮ ಹೆಸರಿನಲ್ಲಿ ಬರೆಯಬಹುದು, ನಿಮ್ಮನ್ನೇ ಹೊರಗಿಡಬಹುದು. ತಂಗಾಳಿಯವರ ಪ್ರಶ್ನೆ ಇದೇ ಪುಟದಲ್ಲಿದೆ, ಅದನ್ನು ಓದಿದ ಮೇಲೂ ಇದನ್ನು ಇಲ್ಲಿ ತಂದು ಹಾಕುವುದೇ? ಇನ್ನು ಮುಂದೆ ಬಂದ ಸಂದೇಶಗಳನ್ನು ಇಲ್ಲಿ ಅಂಟಿಸಿದರೆ ಉತ್ತರಿಸುವುದಿಲ್ಲ.

ಮುಂಗಾರು: ಕೇಳಿದ್ದೇ ತಪ್ಪಾಯಿತೇ?

ದಾರಿಹೋಕ: ಕೇಳಲಿಕ್ಕೇ ಇರುವ ಗುಂಪು ಇದು.

ತಂಗಾಳಿ: ಕೀಲಿ ರದ್ದಾಯಿತು, ಹಳೆಯ ವಿಳಾಸ ತೆರೆಯುತ್ತಿಲ್ಲ. ರೀಡರ್‌ನಿಂದಲೂ ತೆಗೆದೆ. ಆದರೆ ಕಡತವನ್ನು ಕೆಲವರು ಆಗಲೇ ಇಳಿಸಿಕೊಂಡಿದ್ದಾರೆ. ರೋಗಿಗಳ ಗುಂಪಿಗೆ ಹೇಳಲೇಬೇಕೇ? ನನ್ನನ್ನು ತೆಗೆದುಹಾಕುತ್ತಾರೆಂಬ ಭಯ.

ನಿರ್ವಾಹಕಿ: ಹೇಳಲೇಬೇಕು, ಇಂದೇ. ಮೊದಲು ಮಾಡರೇಟರ್‌ಗೆ ಬರೆಯಿರಿ: ವಿಳಾಸ ಯಾವಾಗ ಹಂಚಿದಿರಿ, ಯಾವಾಗ ರದ್ದಾಯಿತು, ಆನ್‌ಲೈನ್ ರೀಡರ್‌ನಲ್ಲಿ ಎಷ್ಟು ಕಾಲದಿಂದ ಇತ್ತು. ಆ ಅವಧಿಯಲ್ಲಿ ಫೀಡ್ ಅನ್ನು ಎಲ್ಲೆಲ್ಲಿಂದ ತೆರೆಯಲಾಗಿದೆ ಎಂಬುದು ಸರ್ವರ್ ದಾಖಲೆಯಲ್ಲಿ ಸಿಗಬಹುದು. ಆ ದಾಖಲೆಗಳನ್ನು ಬಹುಕಾಲ ಇಡುವುದಿಲ್ಲ, ತಡಮಾಡಬೇಡಿ. ಪತ್ರ ಬರೆಯಲು ನೆರವು ಬೇಕಿದ್ದರೆ ನನಗೆ ನೇರವಾಗಿ ಸಂದೇಶ ಕಳುಹಿಸಿ.