ಕೂಪನ್ ರಿಪೋರ್ಟ್ 2.1 ಎಂಪಿವೈ, ಆದರೂ 14 ತಿಂಗಳಿಗೇ ಟ್ಯೂಬ್ ತೂತು. ಎಲ್ಲಿ ತಪ್ಪುತ್ತಿದೆ?

ಯುಟಿಲಿಟಿ_ಬಳ್ಳಾರಿ:
ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕಡೆ ಒಂದು ಅಡುಗೆ ಎಣ್ಣೆ ರಿಫೈನರಿಯಲ್ಲಿ ಯುಟಿಲಿಟಿ ನೋಡಿಕೊಳ್ಳುತ್ತೇನೆ. ಕೂಲಿಂಗ್ ಟವರ್ ನೀರು ಬೋರ್‌ವೆಲ್‌ನದು. ಐದು ಸೈಕಲ್ ನಡೆಸುತ್ತೇವೆ (ನೀರು ಆವಿಯಾಗಿ ಲವಣ ಐದು ಪಟ್ಟು ಆಗುವವರೆಗೆ), ಪಿಎಚ್ 8.3ರ ಹತ್ತಿರ.

ಹೋದ ವಾರ ಟವರ್ ಬೇಸಿನ್ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಕಾಣಿಸಿತು. ಬೆರಳಿಟ್ಟು ನೋಡಿದರೆ ಎಣ್ಣೆ. ಎಣ್ಣೆ ಕೂಲರ್ ಬಿಚ್ಚಿ ಪ್ರೆಷರ್ ಟೆಸ್ಟ್ ಮಾಡಿದೆವು. ಏಳು ಟ್ಯೂಬ್ ತೂತು. ಕಾರ್ಬನ್ ಸ್ಟೀಲ್ ಟ್ಯೂಬ್, 2.11 ಮಿ.ಮೀ ದಪ್ಪ. ಹೊಸ ಬಂಡಲ್ (ಟ್ಯೂಬ್‌ಗಳ ಕಟ್ಟು) ಹಾಕಿ ಸರಿಯಾಗಿ 14 ತಿಂಗಳು. ಎಣ್ಣೆ ಟ್ಯೂಬ್ ಒಳಗೆ, ನೀರು ಶೆಲ್ ಕಡೆ, ಅಂದರೆ ಟ್ಯೂಬ್‌ಗಳ ಹೊರಗೆ.

ಕೆಮಿಕಲ್ ಕೊಡುವವರ ರಿಪೋರ್ಟ್ ಪ್ರತಿ ಸಲ ‘ಚೆನ್ನಾಗಿದೆ’ ಅಂತಲೇ ಬರುತ್ತದೆ. ಕಳೆದ 60 ದಿನದ ಮೈಲ್ಡ್ ಸ್ಟೀಲ್ ಕೂಪನ್ (ನೀರಿನಲ್ಲಿಟ್ಟು ತೂಕದ ನಷ್ಟ ನೋಡುವ ಪರೀಕ್ಷಾ ಪಟ್ಟಿ) 2.1 ಎಂಪಿವೈ (ಲೋಹ ಸವೆಯುವ ವೇಗದ ಅಳತೆ). ಆನ್‌ಲೈನ್ ಎಲ್‌ಪಿಆರ್ ಪ್ರೋಬ್ (ಸವೆತದ ವೇಗವನ್ನು ಆಗಿಂದಾಗಲೇ ತೋರಿಸುವ ಸಾಧನ) 1.6 ತೋರಿಸುತ್ತಿದೆ. 3 ಎಂಪಿವೈ ಒಳಗಿದ್ದರೆ ಸಾಕು ಅಂತ ನಮ್ಮ ಒಪ್ಪಂದ. ಹಾಗಾದರೆ ಟ್ಯೂಬ್ ಯಾಕೆ ಹೋಯಿತು? ಲೆಕ್ಕ ತಪ್ಪಾ, ಕೂಪನ್ ತಪ್ಪಾ? ಮೇಲಿನವರಿಗೆ ಉತ್ತರ ಕೊಡಬೇಕು, ದಯವಿಟ್ಟು ಸಹಾಯ ಮಾಡಿ.

ಹಳೇ_ಇನ್‌ಸ್ಪೆಕ್ಟರ್:
ನಮಸ್ಕಾರ ಸರ್. ಮೊದಲು ಲೆಕ್ಕ ನಾವೇ ಒಂದು ಸಲ ಹಾಕೋಣ. ರಿಪೋರ್ಟಿನಲ್ಲಿ ಕೂಪನ್ ತೂಕ, ಅಳತೆ ಇರುತ್ತದೆ. ಅದನ್ನು ಹಾಕಿ.

ಯುಟಿಲಿಟಿ_ಬಳ್ಳಾರಿ:
ಮೊದಲಿನ ತೂಕ 11.842 ಗ್ರಾಂ, ತೊಳೆದ ಮೇಲೆ 11.691 ಗ್ರಾಂ. ಮೇಲ್ಮೈ 22 ಚದರ ಸೆಂ.ಮೀ, 1440 ಗಂಟೆ.

ಹಳೇ_ಇನ್‌ಸ್ಪೆಕ್ಟರ್:
ನಷ್ಟ 151 ಮಿಲಿಗ್ರಾಂ. ಅದನ್ನು 87.6ರಿಂದ ಗುಣಿಸಿ. ಬಂದದ್ದನ್ನು ಸಾಂದ್ರತೆ 7.86, ಮೇಲ್ಮೈ 22, ಗಂಟೆ 1440, ಈ ಮೂರರ ಗುಣಲಬ್ಧದಿಂದ ಭಾಗಿಸಿ. ವರ್ಷಕ್ಕೆ 0.053 ಮಿ.ಮೀ ಬರುತ್ತದೆ. ಒಂದು ಎಂಪಿವೈ ಅಂದರೆ ವರ್ಷಕ್ಕೆ ಇಂಚಿನ ಸಾವಿರದಲ್ಲೊಂದು ಭಾಗ, ಅಂದರೆ 0.0254 ಮಿ.ಮೀ. ಹಾಗಾಗಿ 2.1 ಸರಿ. ಅವರು ಲೆಕ್ಕದಲ್ಲಿ ಮೋಸ ಮಾಡಿಲ್ಲ.

ಈಗ ಅದೇ ಸಂಖ್ಯೆ ಹಿಡಿದು ಟ್ಯೂಬಿಗೆ ಆಯಸ್ಸು ಕಟ್ಟಿ ನೋಡಿ. 2.11 ಮಿ.ಮೀ ಸವೆಯಲು ಸುಮಾರು 40 ವರ್ಷ ಬೇಕು. ನಿಮ್ಮದು 14 ತಿಂಗಳಿಗೇ ಹೋಗಿದೆ. ಇಷ್ಟು ದೊಡ್ಡ ವ್ಯತ್ಯಾಸ ತೂಕದ ತಕ್ಕಡಿಯ ತಪ್ಪಿನಿಂದ ಬರಲ್ಲ. ಸಂಖ್ಯೆ ಹೇಳುವುದೇ ಬೇರೆ, ಟ್ಯೂಬಿಗೆ ಆಗಿದ್ದೇ ಬೇರೆ. ತೂಕದ ಲೆಕ್ಕ ನಷ್ಟವನ್ನು ಇಡೀ ಮೇಲ್ಮೈಗೆ ಸಮನಾಗಿ ಹಂಚಿಬಿಡುತ್ತದೆ. ಪೂರ್ತಿ ಪಟ್ಟಿ ಒಂದೇ ಸಮ ಸವೆದಿದ್ದರೆ ಅದು ನಿಜ. ಎಲ್ಲಾ ನಷ್ಟ ನಾಲ್ಕೇ ಗುಂಡಿಯಲ್ಲಿ ಆಗಿದ್ದರೆ ಆ ಸಂಖ್ಯೆಯಿಂದ ಟ್ಯೂಬಿನ ಆಯಸ್ಸು ಹೇಳಕ್ಕಾಗಲ್ಲ.

ಕೂಪನ್ ನಿಮ್ಮ ಹತ್ತಿರ ಇದೆಯಾ? ಇಲ್ಲ ಅಂದರೆ ಇವತ್ತೇ ವಾಪಸ್ ಕೇಳಿ. ರಿಪೋರ್ಟ್ ಜೊತೆ ಕೂಪನ್ ಕೂಡ ವಾಪಸ್ ಬರಲೇಬೇಕು ಅಂತ ನಾನು ಇದ್ದ ಕಡೆಯೆಲ್ಲಾ ಹಠ ಹಿಡಿದಿದ್ದೇನೆ.

ಲ್ಯಾಬ್_ಮೇಡಂ:
ತೊಳೆಯುವ ವಿಷಯವನ್ನೂ ಕೇಳಿ. ತುಕ್ಕು ಪೂರ್ತಿ ಹೋಗದಿದ್ದರೆ ಉಳಿದ ತುಕ್ಕಿನ ತೂಕ ಸೇರಿ ನಷ್ಟ ಕಮ್ಮಿ ಕಾಣುತ್ತದೆ. ಆಸಿಡ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಒಳ್ಳೆಯ ಲೋಹವೂ ಕರಗಿ ನಷ್ಟ ಜಾಸ್ತಿ ಕಾಣುತ್ತದೆ. ಅದಕ್ಕೇ ಒಂದು ಹೊಸ ಕೂಪನ್ ಅನ್ನು ಅದೇ ಆಸಿಡ್‌ನಲ್ಲಿ ಅಷ್ಟೇ ಹೊತ್ತು ಇಟ್ಟು, ಅದರ ನಷ್ಟವನ್ನು ಕಳೆಯಬೇಕು. ನಾವು ಎರಡು ಮೂರು ಸಲ ತೊಳೆದು ಪ್ರತಿ ಸಲ ತೂಗುತ್ತೇವೆ. ಮೊದಲು ತೂಕ ದಡದಡ ಇಳಿಯುತ್ತದೆ, ಆಮೇಲೆ ಇಳಿಕೆ ತುಂಬಾ ಸಣ್ಣದಾಗುತ್ತದೆ. ಆ ತಿರುವಿನ ಹತ್ತಿರದ ತೂಕವೇ ನಿಜವಾದ ತೂಕ.

ಯುಟಿಲಿಟಿ_ಬಳ್ಳಾರಿ:
ಕೂಪನ್ ಸಿಕ್ಕಿತು. ಹೊಸ ಕೂಪನ್ ಲೆಕ್ಕ ಕಳೆದಿದ್ದಾರಂತೆ, ಅದು ಸರಿ ಇದೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದೆ. ಮೇಲ್ಮೈ ಬೂದು ಬಣ್ಣ, ಹೆಚ್ಚುಕಮ್ಮಿ ನುಣುಪು. ಆದರೆ ತುದಿಯ ಹತ್ತಿರ ಮೂರು ಕಪ್ಪು ಚುಕ್ಕೆ, ಸಾಸಿವೆ ಕಾಳಿಗಿಂತ ಸಣ್ಣವು. ಗುಂಡುಸೂಜಿ ಆಡಿಸಿದರೆ ತುದಿ ಒಳಗೆ ಸಿಕ್ಕಿಕೊಳ್ಳುತ್ತದೆ. ಟೂಲ್ ರೂಮಿನಲ್ಲಿ ಡಯಲ್ ಗೇಜಿಗೆ ಸೂಜಿ ಮೊನೆ ಹಾಕಿ ಅಳೆದೆವು. ಆಳವಾದದ್ದು 0.11 ಮಿ.ಮೀ.

ಹಳೇ_ಇನ್‌ಸ್ಪೆಕ್ಟರ್:
ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ತೂಕದ ಪ್ರಕಾರ 60 ದಿನದಲ್ಲಿ ಸರಾಸರಿ ಸವೆತ 0.009 ಮಿ.ಮೀಗೂ ಕಮ್ಮಿ. ಗುಂಡಿ ಅದರ 12 ಪಟ್ಟಿಗಿಂತ ಜಾಸ್ತಿ. ಈ ಅನುಪಾತಕ್ಕೇ ಪಿಟ್ಟಿಂಗ್ ಫ್ಯಾಕ್ಟರ್ ಅನ್ನುವುದು. ಒಂದರ ಹತ್ತಿರ ಇದ್ದರೆ ಸಮ ಸವೆತ.

ಆದರೆ ಕಥೆ ಇನ್ನೂ ಪೂರ್ತಿ ಆಗಿಲ್ಲ. ಈ ವೇಗದಲ್ಲೇ ಹೋದರೂ ಟ್ಯೂಬಿಗೆ ಮೂರು ವರ್ಷ ಬೇಕಿತ್ತು. ಅಂದರೆ ಕೂಪನ್ ಇರುವ ಜಾಗವೂ ಟ್ಯೂಬ್ ಇರುವ ಜಾಗವೂ ಒಂದೇ ಅಲ್ಲ. ಕೂಪನ್ ಹಾಕಿರುವ ಪೈಪ್ ರ್‍ಯಾಕ್ ಎಲ್ಲಿದೆ? ಹರಿವು ಎಷ್ಟು?

ಯುಟಿಲಿಟಿ_ಬಳ್ಳಾರಿ:
ಪಂಪ್ ಡಿಸ್ಚಾರ್ಜ್ ಪಕ್ಕದಲ್ಲಿ, ತಣ್ಣೀರಿನ ಲೈನಿನ ಮೇಲೆ. ಹರಿವು ಅಳೆದಿಲ್ಲ.

ತಂಪು_ಗೋಪುರ:
ಬಕೆಟ್ ಹಿಡಿಯಿರಿ ಅಣ್ಣಾ. ಒಂದು ಇಂಚಿನ ಪೈಪಾದರೆ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ನಿಮಿಷಕ್ಕೆ ಸುಮಾರು 33 ಲೀಟರ್ ಬರಬೇಕು. 20 ಲೀಟರ್ ಬಕೆಟ್ 25ರಿಂದ 35 ಸೆಕೆಂಡಿನಲ್ಲಿ ತುಂಬಿದರೆ ರ್‍ಯಾಕ್ ಸರಿಯಾದ ವೇಗದಲ್ಲಿದೆ.

ನನಗೆ ಅನುಮಾನ ಇರುವುದು ನಿಮ್ಮ ಕೂಲರ್ ಮೇಲೆ. ನೀರು ಶೆಲ್ ಕಡೆ ಇದ್ದರೆ ಬ್ಯಾಫಲ್ (ನೀರನ್ನು ತಿರುಗಿಸುವ ಅಡ್ಡ ತಟ್ಟೆ) ಮೂಲೆಗಳಲ್ಲಿ ಹರಿವು ಸತ್ತುಹೋಗುತ್ತದೆ. ಅಲ್ಲಿ ಕೆಸರು ಕೂರುತ್ತದೆ. ಕೆಸರಿನ ಕೆಳಗೆ ಆಮ್ಲಜನಕ ಇರಲ್ಲ, ಸುತ್ತ ಇರುತ್ತದೆ. ಆ ವ್ಯತ್ಯಾಸವೇ ಒಂದು ಸಣ್ಣ ಬ್ಯಾಟರಿ ಇದ್ದ ಹಾಗೆ. ಕೆಸರಿನ ಕೆಳಗಿನ ಲೋಹ ಕರಗುತ್ತಾ ಹೋಗುತ್ತದೆ. ಇನ್‌ಹಿಬಿಟರ್ (ತುಕ್ಕು ತಡೆಯುವ ಕೆಮಿಕಲ್) ಎಷ್ಟೇ ಹಾಕಿದರೂ ಕೆಸರು ದಾಟಿ ಒಳಗೆ ಹೋಗಲ್ಲ. ತೂತಾದ ಟ್ಯೂಬ್ ಒಂದನ್ನು ಎಳೆದು ಹೊರಗಿನಿಂದ ನೋಡಿ. ಗಂಟು ಗಂಟು ತುಕ್ಕು ಇದೆಯಾ?

ಯುಟಿಲಿಟಿ_ಬಳ್ಳಾರಿ:
ಬಕೆಟ್ 28 ಸೆಕೆಂಡಿನಲ್ಲಿ ತುಂಬಿತು. ರ್‍ಯಾಕ್ ಸರಿ ಇದೆ.

ಟ್ಯೂಬ್ ಎಳೆದೆವು. ಬ್ಯಾಫಲ್ ಪಕ್ಕದಲ್ಲಿ ಕಂದು ಬಣ್ಣದ ಗಂಟುಗಳು, ಹುಣಸೆ ಬೀಜದ ಗಾತ್ರ. ಚಾಕುವಿನಿಂದ ಒಂದನ್ನು ಎಬ್ಬಿಸಿದರೆ ಮೇಲೆ ಗಟ್ಟಿ ಚಿಪ್ಪು, ಒಳಗೆ ಒದ್ದೆ ಕಪ್ಪು ಹಿಟ್ಟು. ಒರೆಸಿದರೆ ಅಡಿಯಲ್ಲಿ ಬಟ್ಟಲಿನಂಥ ಗುಂಡಿ, ಒಳಗೆ ಲೋಹ ಫಳಫಳ ಹೊಳೆಯುತ್ತಿದೆ. ಪಕ್ಕದಲ್ಲಿ ಒಂದಿಂಚು ದೂರದಲ್ಲಿ ಟ್ಯೂಬ್ ಮೂಲ ದಪ್ಪವೇ ಇದೆ.

ಲ್ಯಾಬ್_ಮೇಡಂ:
ಆ ಕಪ್ಪು ಹಿಟ್ಟು ಒಣಗುವ ಮೊದಲೇ ಪರೀಕ್ಷೆ ಮಾಡಿ. ಕಡಲೆ ಕಾಳಿನಷ್ಟು ತೆಗೆದು ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಮೇಲೆ ಒದ್ದೆ ಲೆಡ್ ಅಸಿಟೇಟ್ ಕಾಗದ ಹಿಡಿಯಿರಿ. ಕಾಗದ ಕಪ್ಪಾದರೆ ಸಲ್ಫೈಡ್ ಇದೆ, ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡಿರುವ ಸಾಧ್ಯತೆ ಜಾಸ್ತಿ. ಬಯಲಿನಲ್ಲಿ ಮಾಡಿ. ಮೂಗು ಹತ್ತಿರ ತರಬೇಡಿ, ಕೊಳೆತ ಮೊಟ್ಟೆಯ ಆ ಗಾಳಿ ವಿಷ. ಜಾಸ್ತಿಯಾದರೆ ವಾಸನೆಯೇ ಗೊತ್ತಾಗದ ಹಾಗೆ ಮೂಗನ್ನು ಮರಗಟ್ಟಿಸುತ್ತದೆ.

ಯುಟಿಲಿಟಿ_ಬಳ್ಳಾರಿ:
ಕಾಗದ ಎರಡೇ ನಿಮಿಷದಲ್ಲಿ ಕಡು ಕಂದಾಗಿ ಕಪ್ಪಾಯಿತು. ಆದರೆ ದಿನಾ ಹೈಪೋ (ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರಿನ್ ದ್ರಾವಣ) ಹಾಕುತ್ತೇವಲ್ಲ? ಎಲ್‌ಪಿಆರ್ ಯಾಕೆ ಇದನ್ನು ಹೇಳಲಿಲ್ಲ?

ತಂಪು_ಗೋಪುರ:
ಪಿಎಚ್ 8.3ರಲ್ಲಿ ಹೈಪೋ ಹಾಕಿದರೆ ಚುರುಕಾಗಿ ಕೊಲ್ಲುವ ರೂಪದಲ್ಲಿ ಉಳಿಯುವುದು ಸುಮಾರು 15 ಶೇಕಡ ಮಾತ್ರ. ಅದಕ್ಕೇ ಇಂಥ ನೀರಿಗೆ ಹೈಪೋ ಜೊತೆ ಸೋಡಿಯಂ ಬ್ರೋಮೈಡ್ ಹಾಕುತ್ತಾರೆ. ಬ್ರೋಮಿನ್ ಅದೇ ಪಿಎಚ್‌ನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಚುರುಕಾಗಿಯೇ ಇರುತ್ತದೆ. ಇನ್ನೊಂದು, ಸೋರಿದ ಎಣ್ಣೆ ಬ್ಯಾಕ್ಟೀರಿಯಾಕ್ಕೆ ಊಟ, ಹೈಪೋವನ್ನೂ ತಿಂದುಹಾಕುತ್ತದೆ. ಮೊದಲ ತೂತಿನ ನಂತರದ ತೂತುಗಳು ಬೇಗ ಬೇಗ ಬಿದ್ದಿರುತ್ತವೆ.

ಹಳೇ_ಇನ್‌ಸ್ಪೆಕ್ಟರ್:
ಎಲ್‌ಪಿಆರ್ ಬಗ್ಗೆ: ಅದು ಲೋಹದ ವೋಲ್ಟೇಜನ್ನು ಸುಮಾರು 10 ಮಿಲಿವೋಲ್ಟ್ ಸರಿಸಿ, ಎಷ್ಟು ಕರೆಂಟ್ ಬಂತು ಅಂತ ನೋಡಿ ವೇಗ ಹೇಳುತ್ತದೆ. ಡೋಸಿಂಗ್ ಪಂಪ್ ನಿಂತಿತು, ಆಸಿಡ್ ಜಾಸ್ತಿ ಬಿತ್ತು, ಇಂಥದ್ದನ್ನು ಅದೇ ದಿನ ಹಿಡಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದೂ ಸಮ ಸವೆತ ಅಂದುಕೊಂಡೇ ಲೆಕ್ಕ ಹಾಕುತ್ತದೆ. ಅಲ್ಲದೆ ನಿಮ್ಮ ಪ್ರೋಬ್ ಇರುವುದು ರಭಸದ ತಣ್ಣೀರಿನಲ್ಲಿ.

ಈಗ ಹೀಗೆ ಮಾಡಿ. ಕೂಲರ್‌ನಿಂದ ಬರುವ ಬಿಸಿ ನೀರಿನ ಲೈನಿಗೆ ಎರಡನೇ ರ್‍ಯಾಕ್ ಕಟ್ಟಿ. ವೇಗ ಬೇಕೆಂದೇ ಕಮ್ಮಿ ಇಡಿ, ಬಕೆಟ್ ಎರಡೂವರೆ ಮೂರು ನಿಮಿಷ ತೆಗೆದುಕೊಳ್ಳಲಿ. ಎರಡರಲ್ಲೂ ಒಂದೇ ದಿನ ಕೂಪನ್ ಹಾಕಿ, ಒಂದೇ ದಿನ ತೆಗೆಯಿರಿ. ಹೊಸ ಲೋಹ ಮೊದಲ ದಿನಗಳಲ್ಲಿ ಜೋರಾಗಿ ತುಕ್ಕು ಹಿಡಿಯುತ್ತದೆ. 30 ದಿನದ ಸಂಖ್ಯೆಯನ್ನು 90 ದಿನದ್ದರ ಪಕ್ಕ ಇಟ್ಟು ಹೋಲಿಸಬಾರದು.

ಪೈಪ್_ಲೈನ್_ಹುಡುಗ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಅಲ್ಟ್ರಾಸಾನಿಕ್ ಗೇಜಿನಲ್ಲಿ ಹೆಡರ್ ಪೈಪ್ ಹೋದ ವರ್ಷ 6.2, ಈ ವರ್ಷ 6.6 ಮಿ.ಮೀ. ದಪ್ಪ ಬೆಳೆಯುತ್ತಾ?

ಹಳೇ_ಇನ್‌ಸ್ಪೆಕ್ಟರ್:
ನಡುವೆ ಪೇಂಟ್ ಹೊಡೆದಿದ್ದಾರಾ? ಪೇಂಟಿನಲ್ಲಿ ಶಬ್ದ ನಿಧಾನ. ಉಕ್ಕಿಗೆ ಹೊಂದಿಸಿದ ಗೇಜಿಗೆ ಪೇಂಟ್ ತನ್ನ ದಪ್ಪದ ಸುಮಾರು ಎರಡೂವರೆ ಪಟ್ಟು ಕಾಣುತ್ತದೆ. 0.16 ಮಿ.ಮೀ ಪೇಂಟ್ ಇದ್ದರೆ ನಿಮ್ಮ 0.4 ಬಂದುಬಿಟ್ಟಿತು. ಪೇಂಟ್ ಬಿಟ್ಟು ಲೋಹವನ್ನಷ್ಟೇ ಅಳೆಯುವ ಎಕೋ-ಟು-ಎಕೋ ಮೋಡ್‌ನಲ್ಲಿ ಅಳೆಯಿರಿ, ಜಾಗಕ್ಕೆ ಪಂಚ್ ಗುರುತು ಹಾಕದೆ ಪೇಂಟಿನಲ್ಲೇ ವೃತ್ತ ಬರೆದಿಡಿ. ಪೈಪ್ ಬಿಸಿ ಇದ್ದರೂ ದಪ್ಪ ಜಾಸ್ತಿ ಕಾಣುತ್ತದೆ, ಸುಮಾರು 55 ಡಿಗ್ರಿಗೆ ಒಂದು ಶೇಕಡ.

ಪೈಪ್_ಲೈನ್_ಹುಡುಗ:
ಹೌದು, ಮಳೆಗಾಲಕ್ಕೆ ಮುಂಚೆ ಪೇಂಟ್ ಆಗಿತ್ತು. ಥ್ಯಾಂಕ್ಸ್ ಸರ್.

ಯುಟಿಲಿಟಿ_ಬಳ್ಳಾರಿ:
ಎರಡು ತಿಂಗಳ ಮೇಲೆ ಬರುತ್ತಿದ್ದೇನೆ. ಸೋರುವ ಟ್ಯೂಬ್ ಪ್ಲಗ್ ಮಾಡಿ ಕೂಲರ್ ನಡೆಸಿದೆವು. ಹೋಲಿಕೆಗೆ ಬೇಕು ಅಂತ ಡೋಸಿಂಗ್ ಸದ್ಯಕ್ಕೆ ಬದಲಾಯಿಸಲಿಲ್ಲ. ಹಳೆಯ ರ್‍ಯಾಕ್ ಮತ್ತೆ 2.1. ಹೊಸ ರ್‍ಯಾಕ್‌ನಲ್ಲಿ ನಷ್ಟ 196 ಮಿಲಿಗ್ರಾಂ, ಅಂದರೆ 2.7 ಎಂಪಿವೈ. ಒಪ್ಪಂದದ ಪ್ರಕಾರ ಇದೂ ಪಾಸ್! ಆದರೆ ಅದರ ಮೇಲೆ ಹನ್ನೊಂದು ಗುಂಡಿ, ಆಳವಾದದ್ದು 0.33 ಮಿ.ಮೀ.

ಹಳೇ_ಇನ್‌ಸ್ಪೆಕ್ಟರ್:
ಸಂಖ್ಯೆ 2.1ರಿಂದ 2.7ಕ್ಕೆ ಹೋಯಿತು, ಗುಂಡಿ ಮೂರು ಪಟ್ಟು ಆಳವಾಯಿತು. ಮೇಲಿನವರಿಗೆ ಈ ಎರಡು ಕೂಪನ್ ಅಕ್ಕಪಕ್ಕ ಇಟ್ಟು ತೋರಿಸಿ. 0.33 ಅಂದರೆ ವರ್ಷಕ್ಕೆ 2 ಮಿ.ಮೀ, ನಿಮ್ಮ 14 ತಿಂಗಳ ಹತ್ತಿರವೇ ಬರುತ್ತದೆ. ಆದರೆ ಅದನ್ನು ಪಕ್ಕಾ ಲೆಕ್ಕ ಅಂದುಕೊಳ್ಳಬೇಡಿ. ಗುಂಡಿ ಒಂದೇ ವೇಗದಲ್ಲಿ ಬೆಳೆಯಲ್ಲ, ಕೆಲವು ಅಲ್ಲೇ ನಿಲ್ಲುತ್ತವೆ.

ಒಪ್ಪಂದದಲ್ಲಿ ಎಂಪಿವೈ ಜೊತೆ ಅತಿ ಆಳದ ಗುಂಡಿಯ ಅಳತೆಯನ್ನೂ ಸೇರಿಸಿ. ಎರಡನೇ ರ್‍ಯಾಕ್ ಅಲ್ಲೇ ಇರಲಿ.

ಯುಟಿಲಿಟಿ_ಬಳ್ಳಾರಿ:
ಬ್ರೋಮೈಡ್ ಇನ್ನು ಶುರು ಮಾಡುತ್ತೇವೆ, ನೀರಿನ ಒಂದು ಪಾಲನ್ನು ಸೋಸುವ ಸೈಡ್ ಸ್ಟ್ರೀಮ್ ಫಿಲ್ಟರ್‌ಗೂ ಒಪ್ಪಿಗೆ ಸಿಕ್ಕಿದೆ. ಹೊಸ ಬಂಡಲ್ ಎಸ್‌ಎಸ್ 304ರಲ್ಲಿ ಮಾಡಿಸೋಣ ಅಂತಿದ್ದಾರೆ. ಮಾಡಿಸಬಹುದಾ?

ತಂಪು_ಗೋಪುರ:
ಬೋರ್ ನೀರಿನ ಕ್ಲೋರೈಡ್ ಎಷ್ಟು?

ಯುಟಿಲಿಟಿ_ಬಳ್ಳಾರಿ:
90 ಪಿಪಿಎಂ.

ತಂಪು_ಗೋಪುರ:
ಐದು ಸೈಕಲ್‌ಗೆ 450 ಆಗುತ್ತದೆ ಅಣ್ಣಾ. 304ಕ್ಕೆ 200ರ ಆಚೆ ಹೋದರೇ ಯೋಚನೆ ಮಾಡಬೇಕು. ಕೆಸರು ಕೂತರೆ ಅದರಲ್ಲೂ ಗುಂಡಿ ಬೀಳುತ್ತದೆ, ಅದೂ ಸೂಜಿ ಚುಚ್ಚಿದ ಹಾಗೆ. ಆರ್ಡರ್ ಕೊಡುವ ಮೊದಲು ನೀರನ್ನು ಟ್ಯೂಬ್ ಒಳಗೆ, ಎಣ್ಣೆಯನ್ನು ಶೆಲ್ ಕಡೆ ಹಾಕಲು ಆಗುತ್ತಾ ಅಂತ ಡಿಸೈನ್‌ನವರನ್ನು ಕೇಳಿ. ನೀರು ಟ್ಯೂಬಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಮೇಲೆ ಓಡಿದರೆ ಕೆಸರು ಅಷ್ಟು ಸುಲಭವಾಗಿ ಕೂರಲ್ಲ, ಬ್ರಷ್ ಹಾಕಿ ಉಜ್ಜಲೂ ಬರುತ್ತದೆ. ಅವರ ಉತ್ತರ ಬಂದ ಮೇಲೆ ಡ್ರಾಯಿಂಗ್ ಇಲ್ಲೇ ಹಾಕಿ, ಕೂತು ನೋಡೋಣ.