ಡ್ರೋನ್ ಲಾಗ್‌ನಲ್ಲಿ ಪೂರ್ವ–ಪಶ್ಚಿಮಕ್ಕೆ ಮಾತ್ರ ಜಿಗಿತ, ಯಾಕೆ?

ಪಡುಕರೆ ದಂಡೆ:

ಎಲ್ಲರಿಗೂ ನಮಸ್ಕಾರ. ಮಲ್ಪೆ ಪಡುಕರೆಯಲ್ಲಿ ಕಡಲ್ಕೊರೆತ ಅಳೆಯುತ್ತಿದ್ದೇವೆ. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಡ್ರೋನ್ ಹಾರಿಸಿ, ದಂಡೆ ಎಷ್ಟು ಹಿಂದೆ ಸರಿದಿದೆ ಅಂತ ನೋಡುವ ಕೆಲಸ. ಡ್ರೋನ್ ನಡೆಸುವುದು ಆರ್ಡುಪೈಲಟ್ ಸಾಫ್ಟ್‌ವೇರ್ ಇರುವ ಬೋರ್ಡು, ಜಾಗ ಹೇಳುವುದು ಸೆಂಟಿಮೀಟರ್ ಮಟ್ಟಕ್ಕೆ ಅಳೆಯುವ ಆರ್‌ಟಿಕೆ ಜಿಪಿಎಸ್.

ಲಾಗ್ (ಬೋರ್ಡು ಬರೆದಿಡುವ ಹಾರಾಟದ ದಾಖಲೆ) ತೆಗೆದು ನಕ್ಷೆಯ ಮೇಲೆ ಹಾಕಿದರೆ ವಿಚಿತ್ರ ಕಾಣುತ್ತದೆ. ದಂಡೆಯ ಉದ್ದಕ್ಕೆ ಉತ್ತರದ ಕಡೆ ಹಾರಿದ ಗೆರೆ ಸ್ವಲ್ಪ ದೂರ ನೇರ ಹೋಗುತ್ತದೆ. ಆಮೇಲೆ ಒಮ್ಮೆಲೇ ಪಕ್ಕಕ್ಕೆ ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಜಿಗಿಯುತ್ತದೆ. ಮತ್ತೆ ನೇರ, ಮತ್ತೆ ಜಿಗಿತ. ಪ್ರತಿ ಸಲವೂ ಅಷ್ಟೇ ದೂರ. ಉತ್ತರ–ದಕ್ಷಿಣಕ್ಕೆ ಹೀಗೆ ಆಗುವುದಿಲ್ಲ. ಕಡಲು ಇರುವುದು ಪಶ್ಚಿಮಕ್ಕೆ, ಕೊರೆತ ಅಳೆಯುವುದೂ ಆ ದಿಕ್ಕಿನಲ್ಲೇ. ಈ ಅಂಕಿ ನಂಬಿ ಮನೆ ಕಳೆದುಕೊಳ್ಳುವ ಭಯದಲ್ಲಿರುವವರಿಗೆ ಏನು ಹೇಳುವುದು?

ಲಾಗ್ ಓದುವ ಪೈಥಾನ್ ಸ್ಕ್ರಿಪ್ಟ್ ನಮಗಿಂತ ಮೊದಲು ಈ ಕೆಲಸ ನೋಡುತ್ತಿದ್ದವರಿಂದ ಬಂದದ್ದು.

ಕಾಪು ಹುಡುಗ:

ಆರ್‌ಟಿಕೆ ಫಿಕ್ಸ್ ಸರಿ ಇತ್ತಾ ಅಣ್ಣ? ಫಿಕ್ಸ್ ತಪ್ಪಿ, ನಿಖರತೆ ಕಡಿಮೆ ಇರುವ ಫ್ಲೋಟ್ ಸ್ಥಿತಿಗೆ ಇಳಿದರೂ ಗೆರೆ ಆಚೀಚೆ ಆಗುತ್ತದೆ.

ಪಡುಕರೆ ದಂಡೆ:

ಹಾರಾಟದ ಉದ್ದಕ್ಕೂ ಫಿಕ್ಸ್ಡ್ ಇತ್ತು. ಲಾಗ್‌ನ ಸ್ಟೇಟಸ್ ಕಾಲಂನಲ್ಲಿ 6 ಅಂತಲೇ ಇದೆ, ಅಂದರೆ ಆರ್‌ಟಿಕೆ ಫಿಕ್ಸ್ಡ್.

ಸುರತ್ಕಲ್ ಲಾಗ್‌ಬುಕ್:

ಜಿಪಿಎಸ್ ಮೇಲೆ ತಪ್ಪು ಹೊರಿಸಬೇಡಿ ಮಾರಾಯ್ರೆ. ಪ್ರತಿ ಸಲವೂ ಒಂದೇ ಅಳತೆಯ ಜಿಗಿತ ಅಂದರೆ ಅದು ಗಾಳಿಯದ್ದೂ ಅಲ್ಲ, ಉಪಗ್ರಹದ್ದೂ ಅಲ್ಲ. ಅಂಕಿಯನ್ನು ಇಡುವ ಜಾಗ ಸಾಲದೆ ಹೋಗಿದೆ. ಸ್ಕ್ರಿಪ್ಟ್‌ನಲ್ಲಿ ಎಲ್ಲೋ ಫ್ಲೋಟ್32 (ದಶಮಾಂಶ ಅಂಕಿಯನ್ನು 32 ಬಿಟ್‌ನಲ್ಲಿ ಇಡುವ ಬಗೆ, ಆರ್‌ಟಿಕೆಯ ಫ್ಲೋಟ್ ಅಲ್ಲ) ಅಂತ ಇರಬೇಕು, ಹುಡುಕಿ ನೋಡಿ.

ಲೆಕ್ಕ ಹೀಗೆ. ಫ್ಲೋಟ್32ರಲ್ಲಿ ಅಂಕಿಗೆ ಸಿಗುವುದು 24 ಬಿಟ್ ಮಾತ್ರ. ನಿಮ್ಮ ರೇಖಾಂಶ 74 ಡಿಗ್ರಿ ಚಿಲ್ಲರೆ. ಆ 74 ಬರೆಯಲಿಕ್ಕೇ 7 ಬಿಟ್ ಹೋಯಿತು. ಚಿಲ್ಲರೆಗೆ ಉಳಿದದ್ದು 17. ಅಂದರೆ ಒಂದು ಡಿಗ್ರಿಯನ್ನು 1,31,072 ಪಾಲು ಮಾಡಬಹುದು, ಅದಕ್ಕಿಂತ ಸಣ್ಣ ಪಾಲು ಇಲ್ಲ. ಉಡುಪಿಯಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿಲೋಮೀಟರ್. ಭಾಗಿಸಿ ನೋಡಿ, ಒಂದು ಪಾಲಿಗೆ ಸುಮಾರು 83 ಸೆಂಟಿಮೀಟರ್. ನೀವು ಹೇಳಿದ ಎರಡೂವರೆ ಅಡಿ ಚಿಲ್ಲರೆ ಇದೇ.

ಅಕ್ಷಾಂಶ 13 ಡಿಗ್ರಿ ಚಿಲ್ಲರೆ ಅಲ್ವಾ, 13ಕ್ಕೆ 4 ಬಿಟ್ ಸಾಕು. ಚಿಲ್ಲರೆಗೆ 20 ಬಿಟ್ ಉಳಿಯುತ್ತದೆ, ಪಾಲು ಸುಮಾರು 10.5 ಸೆಂಟಿಮೀಟರಿಗೆ ಇಳಿಯುತ್ತದೆ. ಹಾಗಾಗಿ ಆ ದಿಕ್ಕಿನಲ್ಲಿ ತಪ್ಪು ಕಣ್ಣಿಗೆ ಬೀಳಲಿಲ್ಲ, ಆದರೆ ಇದೆ. ಇದೇ ಸ್ಕ್ರಿಪ್ಟನ್ನು ಲಂಡನ್‌ನಲ್ಲಿ ಓಡಿಸಿದರೆ ರೇಖಾಂಶ ಸೊನ್ನೆಯ ಹತ್ತಿರ ಇರುವುದರಿಂದ ಪೂರ್ವ–ಪಶ್ಚಿಮ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಕರಾವಳಿಗೆ ಮಾತ್ರ ಅಳೆಯಬೇಕಾದ ದಿಕ್ಕಿನಲ್ಲೇ ಪೆಟ್ಟು.

ಬೋರ್ಡು ಇದನ್ನು ಸರಿಯಾಗಿಯೇ ಬರೆದಿರುತ್ತದೆ. ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ, 32 ಬಿಟ್ ಇಂಟಿಜರ್ (ಪೂರ್ಣಾಂಕ) ಆಗಿ ಇಡುತ್ತದೆ. 180 ಡಿಗ್ರಿಗೆ 180 ಕೋಟಿ. ಆ ಇಂಟಿಜರ್ 214 ಕೋಟಿಯಷ್ಟು ಹಿಡಿಯುತ್ತದೆ, ಹಾಗಾಗಿ ತೊಂದರೆಯಿಲ್ಲ. ಪಾಲು 1.1 ಸೆಂಟಿಮೀಟರ್. ನೋಡಿ, ಅದೇ 32 ಬಿಟ್! ಜಾಗ ಅಷ್ಟೇ, ಇಟ್ಟ ರೀತಿ ಬೇರೆ. ಯಾವ ಕಾಲಂ ಯಾವ ಬಗೆಯದ್ದು ಅಂತ ಲಾಗ್‌ನ ಎಫ್‌ಎಂಟಿ ಸಾಲಿನಲ್ಲೇ ಇರುತ್ತದೆ, ಅಳತೆಯ ಮಾನ ಎಫ್‌ಎಂಟಿಯು ಸಾಲಿನಲ್ಲಿ. ಯಾರದ್ದೋ ಸ್ಕ್ರಿಪ್ಟ್ ಓಡಿಸುವ ಮೊದಲು ಅವೆರಡನ್ನು ಓದಿ.

ಪಡುಕರೆ ದಂಡೆ:

ಸಿಕ್ಕಿತು! ಮೆಮೊರಿ ಉಳಿಸಲಿಕ್ಕೆ ಎಲ್ಲ ಕಾಲಂಗೂ ಒಟ್ಟಿಗೆ ಫ್ಲೋಟ್32 ಹಾಕಿದ ಒಂದು ಸಾಲು ಇತ್ತು. ಅದನ್ನು ಫ್ಲೋಟ್64 ಮಾಡಿ ಮತ್ತೆ ಓಡಿಸಿದೆ, ಜಿಗಿತ ಹೋಯಿತು. ತುಂಬಾ ಉಪಕಾರ ಆಯಿತು. ಹಳೆಯ ಲಾಗ್‌ಗಳನ್ನೂ ಮತ್ತೆ ಓದಿಸುತ್ತೇವೆ.

ಇನ್ನೊಂದು ಕೇಳಲಾ? ಲಾಗ್‌ನಲ್ಲಿ ದಂಡೆಯ ಎತ್ತರ ಎರಡು ಮೂರು ಮೀಟರ್ ಅಂತ ಇದೆ. ಪಿಪಿಕೆ (ಹಾರಾಟ ಮುಗಿದ ಮೇಲೆ ಜಿಪಿಎಸ್ ಲೆಕ್ಕ ತಿದ್ದುವುದು) ಮಾಡಿದ ಫೈಲಿನಲ್ಲಿ ಅದೇ ಜಾಗ ಮೈನಸ್ ಎಂಬತ್ತರ ಆಸುಪಾಸು. ಯಾವುದು ಸರಿ?

ಸುರತ್ಕಲ್ ಲಾಗ್‌ಬುಕ್:

ಎರಡೂ ಸರಿ. ಮಾನ ಎರಡರಲ್ಲೂ ಮೀಟರೇ, ಎಲ್ಲಿಂದ ಎಣಿಸಿದ್ದು ಅನ್ನುವುದು ಬೇರೆ. ಲಾಗ್‌ನ ಜಿಪಿಎಸ್ ಎತ್ತರ ಸಮುದ್ರಮಟ್ಟದಿಂದ. ಪಿಪಿಕೆಯದ್ದು ಭೂಮಿಯ ಲೆಕ್ಕದ ಆಕಾರವಾದ ಎಲಿಪ್ಸಾಯ್ಡ್‌ನಿಂದ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ಕಡಿಮೆ ಇರುವ ದೊಡ್ಡ ಜಾಗ ಇದೆ. ಅಲ್ಲಿ ಸಮುದ್ರಮಟ್ಟ ಎಲಿಪ್ಸಾಯ್ಡ್‌ಗಿಂತ ಸುಮಾರು 106 ಮೀಟರ್ ಕೆಳಗೆ. ಅದರ ಪ್ರಭಾವ ನಮ್ಮ ತನಕ ಬರುತ್ತದೆ. ಹಾಗಾಗಿ ಎರಡನ್ನು ಒಂದೇ ಕಾಲಂನಲ್ಲಿ ಸೇರಿಸಬೇಡಿ. ಕಾಲಂನ ಹೆಸರಲ್ಲೇ ಯಾವ ಎತ್ತರ ಅಂತ ಬರೆದಿಡಿ.

ಕಾಪು ಹುಡುಗ:

ಸಮಯದ ಕಾಲಂ ಕೂಡ ನೋಡಿಕೊಳ್ಳಿ ಅಣ್ಣ. ಅದು ಮೈಕ್ರೋಸೆಕೆಂಡಿನಲ್ಲಿ, 64 ಬಿಟ್. ಎಣಿಕೆ ಶುರುವಾಗುವುದು ಹಾರಿದಾಗ ಅಲ್ಲ, ಬೋರ್ಡಿಗೆ ಕರೆಂಟ್ ಕೊಟ್ಟಾಗ. ಅದನ್ನು ಸುಮ್ನೆ ಇಂಟ್32ಕ್ಕೆ, ಅಂದರೆ 32 ಬಿಟ್ ಇಂಟಿಜರ್‌ಗೆ, ತುಂಬಿದರೆ 35 ನಿಮಿಷ 47 ಸೆಕೆಂಡಿಗೆ ಮೈನಸ್‌ಗೆ ಹೋಗುತ್ತದೆ. ದಂಡೆಯಲ್ಲಿ ಗಾಳಿ ಇಳಿಯಲಿ ಅಂತ ಬೋರ್ಡು ಆನ್ ಇಟ್ಟು ಕಾದರೆ ಅಷ್ಟು ಹೊತ್ತು ಸಲೀಸಾಗಿ ಆಗುತ್ತದೆ.