ಶಾಲಾ ಬಸ್ಸಿನ ಹೊಗೆ ಮತ್ತು ಖನಿಜ ಪ್ರತಿಷ್ಠಾನದ ಹಣ: ಮನವಿ ಬರೆಯುವ ಮುನ್ನ ಒಂದು ಚರ್ಚೆ

ಐದನೇ ಅಡ್ಡರಸ್ತೆಯ ಪೋಷಕಿ:
ಬಳ್ಳಾರಿಯ ನಮ್ಮ ಬಡಾವಣೆಯ ಹಿರಿಯರಿಗೂ ಎಲ್ಲ ಪೋಷಕರಿಗೂ ನಮಸ್ಕಾರ. ಒಂದು ತಿಂಗಳಿನಿಂದ ಪ್ರತಿದಿನ ಬೆಳಿಗ್ಗೆ ಉದ್ಯಾನದ ಮೂಲೆಯಲ್ಲಿ ನಿಂತು ಕಂಡದ್ದನ್ನು ಬರೆಯುತ್ತಿದ್ದೇನೆ. ನಮ್ಮ ಮಕ್ಕಳ ಬಸ್ಸು 7.40ಕ್ಕೆ ಬಂದು, ಎಲ್ಲರೂ ಹತ್ತುವವರೆಗೆ ಹತ್ತು ಹನ್ನೆರಡು ನಿಮಿಷ ಎಂಜಿನ್ ಆರಿಸದೆ ನಿಲ್ಲುತ್ತದೆ. ಬಾಗಿಲು ತೆರೆದೇ ಇರುವುದರಿಂದ ಹೊಗೆ ಒಳಗೆ ನುಗ್ಗುತ್ತದೆ, ಮುಂದೆ ರೈಲ್ವೆ ಗೇಟ್ ಹಾಕಿದ್ದರೆ ಅಲ್ಲಿಯೂ ಹಾಗೆಯೇ ನಿಂತಿರುತ್ತದೆ. ಹಿಂದಿನ ಸೀಟಿನಲ್ಲಿ ಕೂರುವ ನನ್ನ ಮಗಳ ಸಮವಸ್ತ್ರಕ್ಕೆ ಸಂಜೆ ಡೀಸೆಲ್ ವಾಸನೆ ಹತ್ತಿರುತ್ತದೆ, ರಾತ್ರಿ ಕೆಮ್ಮು ಬಿಡುವುದಿಲ್ಲ. ಒಮ್ಮೆ ಆರಿಸಿದರೆ ಮತ್ತೆ ಚಾಲೂ ಆಗುವುದು ಕಷ್ಟ ಎಂದು ಚಾಲಕರು ಹೇಳಿದರು. ಅವರನ್ನು ದೂರಲಾರೆ, ಬಸ್ಸು 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಬಿಗಿಯಾದ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಗುವ ಮೊದಲಿನದು.

ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ತೀರ್ಮಾನಿಸಿದೆ. ಮಕ್ಕಳು ದೇಹತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಅವರ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿರುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶಾಲಾ ಬಸ್ಸುಗಳಿಗೆ ಹೊಗೆ ಶೋಧಕ ಅಳವಡಿಸಿ, ಶುದ್ಧ ಇಂಧನ ಬಳಸಿದ ಮೇಲೆ ಮಕ್ಕಳ ಶ್ವಾಸಕೋಶದ ಉರಿಯೂತವೂ ಶಾಲೆಗೆ ಗೈರಾಗುವುದೂ ಕಡಿಮೆಯಾಯಿತು ಎಂಬ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆ ದೇಶವು 2021ರ ಮೂಲಸೌಕರ್ಯ ಕಾಯ್ದೆಯಡಿ ಹಳೆಯ ಶಾಲಾ ಬಸ್ಸುಗಳನ್ನು ಬದಲಿಸಲೆಂದೇ ಐದು ವರ್ಷಗಳಿಗೆ 500 ಕೋಟಿ ಡಾಲರ್ ತೆಗೆದಿರಿಸಿತು. ಅದರಲ್ಲಿ ದೊಡ್ಡ ಪಾಲು ವಿದ್ಯುತ್ ಬಸ್ಸುಗಳಿಗೆ ಸಂದಿದೆ.

ಅಷ್ಟು ಹಣ ನಮ್ಮಲ್ಲಿ ಎಲ್ಲಿದೆ ಎಂದು ಕೇಳಬಹುದು. ಬಳ್ಳಾರಿಯಲ್ಲಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ (ರಾಯಲ್ಟಿ) ಜೊತೆಗೆ ಅದರ ಶೇ 10 ಅಥವಾ ಶೇ 30ರಷ್ಟು ಮೊತ್ತವನ್ನು ಗಣಿ ಜಿಲ್ಲೆಯ ಜನರ ಒಳಿತಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಅದರಲ್ಲಿ ಕನಿಷ್ಠ ಶೇ 60ರಷ್ಟನ್ನು ಕುಡಿಯುವ ನೀರು, ಮಾಲಿನ್ಯ ನಿಯಂತ್ರಣ, ಆರೋಗ್ಯ, ಶಿಕ್ಷಣದಂಥ ಆದ್ಯತೆಗಳಿಗೆ ಬಳಸಬೇಕೆಂದು ಅದೇ ವರ್ಷದ ಮಾರ್ಗಸೂಚಿ ಹೇಳಿತು. ಮಕ್ಕಳ ಬಸ್ಸಿನ ಹೊಗೆ ಈ ನಾಲ್ಕರಲ್ಲಿ ಮೂರಕ್ಕೆ ಸೇರುತ್ತದೆ. ವಿದ್ಯುತ್ ಶಾಲಾ ಬಸ್ಸುಗಳಿಗಾಗಿ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸೋಣ ಎಂಬುದು ನನ್ನ ಪ್ರಸ್ತಾಪ.

ಎರಡನೇ ಅಡ್ಡರಸ್ತೆಯ ನಿವೃತ್ತ ಎಂಜಿನಿಯರ್:
ಮೇಡಂ, ನಿಮ್ಮ ಕಳಕಳಿಗೆ ನನ್ನ ಬೆಂಬಲವಿದೆ. ಆದರೆ ಬಸ್ಸಿಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಅಧಿಕಾರಿಗಳಿಗಿಂತ ಮೊದಲು ನಾವೇ ಕೇಳಿಕೊಳ್ಳಬೇಕು. ನಮ್ಮ ಹತ್ತಿರದ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,700 ಮೆಗಾವಾಟ್, ಅಲ್ಲಿ ಉರಿಯುವುದು ಕಲ್ಲಿದ್ದಲು. ನಮ್ಮ ಮಕ್ಕಳ ಹೊಗೆಯನ್ನು ಕುಡತಿನಿಯ ಮಕ್ಕಳಿಗೆ ವರ್ಗಾಯಿಸಿದಂತೆ ಆಗಬಾರದು.

ಐದನೇ ಅಡ್ಡರಸ್ತೆಯ ಪೋಷಕಿ:
ಸರ್, ಈ ಪ್ರಶ್ನೆ ನನ್ನನ್ನೂ ಕಾಡಿತ್ತು. ಶಾಲಾ ಬಸ್ಸು ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹೋಗಿ, ಬಿಸಿಲು ಸುಡುವ ನಡುಹಗಲಿಡೀ ಶಾಲೆಯ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ. ಬಳ್ಳಾರಿಯ ಬಿಸಿಲನ್ನು ನಾವು ಶಪಿಸುವುದೇ ಹೆಚ್ಚು. ಈ ಒಂದು ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಶಾಲೆಯ ಚಾವಣಿಯಲ್ಲಿ ಸೌರಫಲಕವಿದ್ದರೆ ಆ ಹೊತ್ತಿನಲ್ಲಿಯೇ ಬ್ಯಾಟರಿ ತುಂಬಬಹುದು. ಆದ್ದರಿಂದ ಬಸ್ಸಿನ ಜೊತೆಗೆ ಚಾವಣಿಯ ಸೌರಫಲಕವನ್ನೂ ಮನವಿಯಲ್ಲಿ ಸೇರಿಸೋಣ. ಉಳಿದ ವಿದ್ಯುತ್ತು ಕಲ್ಲಿದ್ದಲಿನದೇ ಆಗಿದ್ದರೂ, ಮಗುವಿನ ಮೂಗಿನಿಂದ ನಾಲ್ಕು ಅಡಿ ದೂರದಲ್ಲಿ ಬಿಡುವ ಹೊಗೆಗೂ ಎತ್ತರದ ಚಿಮಣಿಯ ಹೊಗೆಗೂ ವ್ಯತ್ಯಾಸವಿದೆ. ಆದರೂ ಕುಡತಿನಿಯ ಜನರ ನೋವು ಚಿಕ್ಕದೆಂದು ನಾನು ಹೇಳಲಾರೆ.

ಮೊದಲನೇ ಅಡ್ಡರಸ್ತೆಯ ನಿವೃತ್ತ ಶಿಕ್ಷಕರು:
ತಾಯಿ, ನಾನು ಗಣಿಗಳಿರುವ ಸಂಡೂರು ಸೀಮೆಯವನು, ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವನು. ಖನಿಜ ಪ್ರತಿಷ್ಠಾನದ ಹಣ ಗಣಿಯಿಂದ ನೊಂದವರಿಗಾಗಿ ಹುಟ್ಟಿದ್ದು. ಮಳೆಗಾಲದಲ್ಲಿಯೂ ಕೆಂಪಾಗಿ ಕಾಣುವ ರಸ್ತೆಗಳ ಪಕ್ಕ, ಅದಿರಿನ ಲಾರಿಗಳ ಹಿಂದೆ ನಡೆದು ಪ್ರೌಢಶಾಲೆಗೆ ಬರುತ್ತಿದ್ದ ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ. ಹಾಜರಿ ಕರೆಯುವಾಗ ಅವರ ಕೆಮ್ಮಿಗಾಗಿ ನಾನು ನಿಲ್ಲಬೇಕಾಗುತ್ತಿತ್ತು. ಅವರಿಗೆ ಹಳೆಯ ಬಸ್ಸೂ ಇರಲಿಲ್ಲ. ಶುಲ್ಕ ಕಟ್ಟಿ ಬಸ್ಸಿನಲ್ಲಿ ಹೋಗುವ ನಗರದ ಮಕ್ಕಳಿಗೆ ಆ ಹಣದಿಂದ ಹೊಸ ಬಸ್ಸು ಕೇಳುವ ಮನವಿಗೆ ನಾನು ಸಹಿ ಹಾಕಲಾರೆ. ವಿದ್ಯುತ್ ಬಸ್ಸು ಬಂದ ಮಾತ್ರಕ್ಕೆ ಅದಿರಿನ ಧೂಳು ಇಳಿಯುವುದಿಲ್ಲ ಎಂಬುದನ್ನೂ ಮರೆಯಬಾರದು. ಆದರೆ ಮುಚ್ಚಿದ ಕಿಟಕಿಯ ಒಳ್ಳೆಯ ಬಸ್ಸಿನಲ್ಲಿ ಕುಳಿತು ಬರುವ ಮಗು ಅಷ್ಟು ಹೊತ್ತಾದರೂ ಆ ಧೂಳಿನಿಂದ ಪಾರಾಗುತ್ತದೆ.

ಮೂರನೇ ಅಡ್ಡರಸ್ತೆಯ ನಿವಾಸಿ, ಸಾರಿಗೆ ನೌಕರರು:
ಮೇಷ್ಟ್ರು ಹೇಳಿದ್ದು ನ್ಯಾಯವಾದ ಮಾತು. ಬಸ್ಸುಗಳು ಖಾಸಗಿ ಶಾಲೆಯ ಹೆಸರಿಗೆ ಹೋಗದೆ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಒಡೆತನದಲ್ಲಿಯೇ ಇರಲಿ. ಮೊದಲ ಬಸ್ಸುಗಳು ಸಂಡೂರು ತಾಲ್ಲೂಕಿನ ಹಳ್ಳಿಗಳಿಂದ ಪ್ರೌಢಶಾಲೆಗಳಿಗೆ ಓಡಲಿ. ವಿದ್ಯುತ್ ಬಸ್ಸಿನ ಖರೀದಿ ಬೆಲೆ ಡೀಸೆಲ್ ಬಸ್ಸಿಗಿಂತ ಬಹಳ ಹೆಚ್ಚು, ಓಡಿಸುವ ಖರ್ಚು ಕಡಿಮೆ. ಆದ್ದರಿಂದ ಸಾರ್ವಜನಿಕ ಹಣ ಬೇಕಾಗುವುದು ಮುಖ್ಯವಾಗಿ ಆರಂಭದ ಹೊರೆಗೆ. ನಗರಕ್ಕೆ ಬೇರೆ ದಾರಿಯಿದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ಇಬಸ್ ಸೇವಾ ಯೋಜನೆಯು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ 10,000 ಬಸ್ಸುಗಳನ್ನು ಉದ್ದೇಶಿಸಿದೆ, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ನೆರವು ಕೊಡುತ್ತದೆ. 2011ರ ಜನಗಣತಿಯಲ್ಲಿಯೇ ಬಳ್ಳಾರಿ 4 ಲಕ್ಷ ದಾಟಿತ್ತು. ಅದು ನಗರ ಸಾರಿಗೆಯ ಯೋಜನೆಯಾದರೂ, ಶಾಲೆಯ ಹೊತ್ತಿನಲ್ಲಿ ವಿದ್ಯಾರ್ಥಿಗಳ ಮಾರ್ಗಗಳಲ್ಲಿ ಬಸ್ಸು ಓಡಿಸಬೇಕೆಂದು ಪಾಲಿಕೆಯನ್ನು ನಾವು ಕೇಳಬಹುದು. ಆದರೆ ನಗರಗಳ ಗಾಳಿಯನ್ನು ಸುಧಾರಿಸಲೆಂದು ಬಂದ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ನಂಬಿ ಕೂರುವಂತಿಲ್ಲ. ರಾಜ್ಯದಿಂದ ಅದರ ಪಟ್ಟಿಯಲ್ಲಿರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ, ನಮ್ಮ ಊರಿನ ಹೆಸರು ಅಲ್ಲಿಲ್ಲ.

ಐದನೇ ಅಡ್ಡರಸ್ತೆಯ ಪೋಷಕಿ:
ಮೇಷ್ಟ್ರೇ, ನನ್ನ ಮಗಳ ಕೆಮ್ಮನ್ನು ಕೇಳುತ್ತ ಬರೆದ ಪ್ರಸ್ತಾಪದಲ್ಲಿ ನಿಮ್ಮ ಶಾಲೆಯ ಮಕ್ಕಳು ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಪ್ರಸ್ತಾಪವನ್ನು ತಿದ್ದುತ್ತಿದ್ದೇನೆ. ಖನಿಜ ಪ್ರತಿಷ್ಠಾನದ ಹಣದಲ್ಲಿ ನಿಗಮದ ಬಸ್ಸು ಮೊದಲು ಸಂಡೂರಿನ ಹಳ್ಳಿಗಳಿಗೆ ಸಿಗಲಿ. ನಗರಕ್ಕೆ ಪಾಲಿಕೆಯ ಮೂಲಕ ಪ್ರತ್ಯೇಕವಾಗಿ ಕೇಳೋಣ. ನಮ್ಮ ಶಾಲೆಯ ಬಸ್ಸಿನ ವಿಷಯದಲ್ಲಿ ಸರ್ಕಾರದ ಹಣಕ್ಕೆ ಕಾಯದೆ ಈ ವಾರವೇ ಆಗಬಹುದಾದ ಕೆಲಸವೊಂದಿದೆ: ನಿಂತಾಗ ಎಂಜಿನ್ ಆರಿಸುವುದು. ಅದಕ್ಕೆ ಬ್ಯಾಟರಿ, ಸ್ಟಾರ್ಟರ್ ರಿಪೇರಿಯಾಗಬೇಕು, ಆ ಖರ್ಚು ಆಡಳಿತ ಮಂಡಳಿಯದು, ಚಾಲಕರದಲ್ಲ. ನಾವೂ 7.40ಕ್ಕೆ ಮೊದಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಎರಡು ನಿಮಿಷದಲ್ಲಿ ಬಸ್ಸು ಹೊರಡಬಹುದು.

ಮೊದಲನೇ ಅಡ್ಡರಸ್ತೆಯ ನಿವೃತ್ತ ಶಿಕ್ಷಕರು:
ಹೀಗಾದರೆ ಮೊದಲ ಸಹಿ ನನ್ನದೇ ಇರಲಿ, ತಾಯಿ. ಸಂಡೂರಿನ ಪೋಷಕರ ಸಹಿಗಳನ್ನೂ ನಾನೇ ಹೋಗಿ ತರುತ್ತೇನೆ, ಏಕೆಂದರೆ ಅವರ ಪರವಾಗಿ ನಾವು ಮಾತ್ರ ಕೇಳಿದರೆ ಅದು ಅವರ ಬೇಡಿಕೆಯಾಗುವುದಿಲ್ಲ.

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ಧನ್ಯವಾದಗಳು. ಭಾನುವಾರ ಬೆಳಿಗ್ಗೆ 10ಕ್ಕೆ ಉದ್ಯಾನದ ಪಕ್ಕದ ದೇವಸ್ಥಾನದ ಮಂಟಪದಲ್ಲಿ ಸೇರೋಣ. ಜಿಲ್ಲಾಧಿಕಾರಿಗಳಿಗೆ ಒಂದು, ಪಾಲಿಕೆಯ ಆಯುಕ್ತರಿಗೆ ಒಂದು, ಶಾಲೆಯ ಆಡಳಿತ ಮಂಡಳಿಗೆ ಒಂದು, ಹೀಗೆ ಮೂರು ಪ್ರತ್ಯೇಕ ಪತ್ರಗಳು ಸಿದ್ಧವಾಗಬೇಕು. ಸೌರಫಲಕದ ಅಂದಾಜು ಲೆಕ್ಕವನ್ನು ಎಂಜಿನಿಯರ್ ಸಾಹೇಬರು ಬರೆದುಕೊಡಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಪೋಷಕರು ಪ್ರತಿದಿನ ಬಸ್ಸು ಬಂದ ಸಮಯ, ಹೊರಟ ಸಮಯ, ಎಂಜಿನ್ ಚಾಲೂ ಇತ್ತೇ ಇಲ್ಲವೇ ಎಂಬುದನ್ನು ಬರೆದಿಟ್ಟುಕೊಂಡು ಆ ಚೀಟಿಯನ್ನು ಸಭೆಗೆ ತರಬೇಕು.